ಕಾಲು ಕಟ್ಟಿದ ಹರಕೆ

“ಕಾಕೂ, ಗಂಟಿನ್ಯಾಗ ಏನೈತ್ರಿ?”

ಗೇಟಿನಲ್ಲಿ ನಿಂತಿದ್ದ ಕಾಲೇಜು ಹುಡುಗಿ ಕೇಳಿದ್ದೇ ತಡ, ಮಲಕವ್ವ ಬಗಲಲ್ಲಿದ್ದ ಗಂಟನ್ನು ಸೆರಗಿನೊಳಗೆ ಇನ್ನಷ್ಟು ಒತ್ತಿಕೊಂಡಳು. ಸುಳ್ಳು ಹೇಳಿ ರೂಢಿಯಿಲ್ಲದ ಬಾಯಿ. ಪುಣ್ಯಕ್ಕೆ ಗಂಡ ಬೀರು ನಡುವೆ ಬಾಯಿ ಹಾಕಿದ.

“ಬುತ್ತಿ ಐತ್ರಿ, ರೊಟ್ಟಿ ಬುತ್ತಿ. ಮುಂಜಾನಿಂದ ಹಸದ ಸಾಯಾಕತ್ತೇನಿ, ಬಿಚ್ಚವಲ್ಲಳು. ನೀವರೆ ಹೇಳ್ರಿ ಇಕಿಗಿ.”

ಹುಡುಗಿ ನಕ್ಕು ದಾರಿ ಬಿಟ್ಟಳು. ಗಂಟಿನಲ್ಲಿ ಇದ್ದದ್ದು ರೊಟ್ಟಿಯಲ್ಲ, ಸವ್ವಾ ಸೇರು ಭಂಡಾರ. ಬೀರಪ್ಪನ ಗುಡಿಯಲ್ಲಿ ದೇವರ ಹೆಸರು ಹೇಳಿ ಮೇಲಕ್ಕೆ ಹಾರಿಸುವ ಅರಿಷಿಣದ ಪುಡಿ. ಅದನ್ನು ಜತ್ತಿನ ಆಟದ ಮೈದಾನಕ್ಕೆ ಯಾಕೆ ಹೊತ್ತು ತಂದಿದ್ದಾಳೆಂಬುದು ಗಂಡನಿಗೂ ಗೊತ್ತಿರಲಿಲ್ಲ, ಮಗಳಿಗೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಗುಡಿಯ ಪೂಜಾರಿ ಅಮೋಗಸಿದ್ದನಿಗೆ ಮತ್ತು ಖುದ್ದು ಬೀರಪ್ಪನಿಗೆ ಮಾತ್ರ.

ಅವರ ಹಳ್ಳಿ ಉಟಗಿಯಿಂದ ಮೂರು ಜೀಪು ತುಂಬಿ ಜನ ಬಂದಿತ್ತು. ಜತ್ತಿನ ಹೊರಗಿನ ಆ ಮೈದಾನದಲ್ಲಿ ಸಿಮೆಂಟಿನ ನೆಲಕ್ಕೆ ಹೊಸದಾಗಿ ನೀಲಿ ಬಣ್ಣ ಬಳಿದು, ಬಿಳಿ ಗೆರೆ ಎಳೆದು, ಎರಡು ತುದಿಗೆ ಎರಡು ಕಂಬ ನೆಟ್ಟಿದ್ದರು. ಕಂಬಕ್ಕೊಂದು ಹಲಗೆ, ಹಲಗೆಗೊಂದು ಕಬ್ಬಿಣದ ಬಳೆ, ಬಳೆಗೆ ಜೋತುಬಿದ್ದ ಬಲೆ. ಬೀರು ಅದನ್ನು ಕಣ್ಣು ಕಿರಿದು ಮಾಡಿ ನೋಡಿ, “ಬುಟ್ಟಿಗಿ ತಳಾನ ಇಲ್ಲಲ್ಲ!” ಎಂದ. ಪಕ್ಕದಲ್ಲಿದ್ದ, ಜೀಪು ಓಡಿಸುವ ತಾನಾಜಿ, “ತಳಾ ಇದ್ರ ಚೆಂಡ ತಗ್ಯಾಕ ನಿಚ್ಚಣಿಕಿ ಹಚ್ಚಬೇಕಾಕ್ಕೈತಿ, ಮಾಮಾ,” ಎಂದು ತಿಳಿಸಿ ಹೇಳಿದ. ಬೀರುವಿಗೆ ಅದು ನ್ಯಾಯವೆನಿಸಿತು. ಮೂವರೂ ಬುಟ್ಟಿಯ ಹತ್ತಿರದ ಮೆಟ್ಟಿಲ ಮೇಲೆ, ನೆಲಕ್ಕೆ ಅಂಟಿದ ಮೊದಲ ಸಾಲಿನಲ್ಲೇ ಕೂತರು.

ಪುಣೆಯ ಬಾಸ್ಕೆಟ್‌ಬಾಲ್ ಕ್ಲಬ್ಬೊಂದು ತನ್ನ ಹಂಗಾಮು ಸುರುವಾಗುವ ಮುಂಚೆ ಸಣ್ಣ ಊರುಗಳಲ್ಲಿ ಸ್ನೇಹದ ಪಂದ್ಯ ಆಡುತ್ತ ಹೊರಟಿತ್ತು. ಇವತ್ತು ಜತ್ತ. ಎದುರಿಗೆ ಸಾಂಗಲಿಯ ಕಾಲೇಜಿನ ಹಳೆಯ ವಿದ್ಯಾರ್ಥಿನಿಯರ ತಂಡ. ಮಲಕವ್ವನ ಮಗಳು ಶೀತಲ ಪುಣೆಯ ಕ್ಲಬ್ಬಿನವಳು. ಆಟವೇ ಅವಳ ನೌಕರಿ. ಈ ಮಾತನ್ನು ಊರವರಿಗೆ ತಿಳಿಸಿ ಹೇಳಲು ಬೀರುವಿಗೆ ಎರಡು ವರ್ಷ ಹಿಡಿದಿತ್ತು. “ಆಡತಾಳ, ಖರೆ. ಕೆಲಸಾ ಏನ ಮಾಡತಾಳ?” “ಆಡೂದ ಕೆಲಸಾನೋ.” “ಅಲ್ಲಪಾ, ಆಡೂದು ಮುಗದ ಮ್ಯಾಲ?” ಹೀಗೆ ಕಟ್ಟೆಯ ಮೇಲೆ ದಿನವೂ ನಡೆಯುತ್ತಿತ್ತು.

ಹುಡುಗಿ ಬೆಳೆದದ್ದೇ ಹಾಗೆ. ಏಳನೇ ಇಯತ್ತೆಯಲ್ಲಿ ತಾಯಿಯನ್ನು ದಾಟಿದಳು, ಒಂಬತ್ತರಲ್ಲಿ ತಂದೆಯನ್ನು. ಆಮೇಲೂ ನಿಲ್ಲುವ ಲಕ್ಷಣ ಕಾಣಲಿಲ್ಲ. ಬಾವಿಗೆ ಹೋದರೆ ಹೆಂಗಸರು ಮಲಕವ್ವನನ್ನು ನಿಲ್ಲಿಸಿ, “ಬಸರಿದ್ದಾಗ ಏನ ತಿಂದಿದ್ದಿ ಅಂತೀನಿ?” ಎಂದು ಕೇಳುವರು. ನಗಲು ಕೇಳಿದ ಮಾತಿರಬಹುದು, ಅವಳಿಗೆ ಮಾತ್ರ ಅದು ಚುಚ್ಚುತ್ತಿತ್ತು. ಮನೆಗೆ ಬಂದು ಮಗಳ ಮೇಲೆ ಹರಿಹಾಯುವಳು. “ಬಗ್ಗಿ ನಡಿ. ಜೋಳದ ಹೊಲದಾಗಿನ ಬೆದರಬೊಂಬಿ ಹಂಗ ಎದಕ್ಕ ನಿಂದರತಿ?” ಹುಡುಗಿ ಬಗ್ಗಿದಳು. ಮನೆಯ ಬಾಗಿಲೂ ಕೆಳಗಿತ್ತು, ಜಂತಿಯೂ ಕೆಳಗಿತ್ತು, ತಾಯಿಯ ಮಾತೂ ಜೊತೆಗೂಡಿತು. ಹದಿನಾಲ್ಕನೇ ವಯಸ್ಸಿಗೇ ಅವಳ ಬೆನ್ನಿಗೆ ಮುದುಕಿಯ ಬಾಗು ಬಂದಿತ್ತು.

ಆ ಬೆನ್ನಿಗೆ ಮೊದಲು ಗುದ್ದಿದವರು ಹೈಸ್ಕೂಲಿನ ದಾಕ್ಷಾಯಣಿ ಬಾಯಾರು. ಆಟ ಕಲಿಸುವ ಈ ಟೀಚರು ಒಂದು ದಿನ ಮನೆಗೇ ಬಂದು, ಚಹಾ ಬೇಡವೆಂದು, ಹುಡುಗಿಯ ಎರಡೂ ಕೈ ಚಾಚಿಸಿ ಗೋಡೆಗೆ ಹಚ್ಚಿ ತೋರಿಸಿದರು. “ಈ ಕೈ ನೋಡ್ರಿ. ದೇವರ ಕೊಟ್ಟಾನ, ನೀವು ಮಡಿಚಿ ಪೆಟಿಗ್ಯಾಗ ಇಟ್ಟೀರಿ.” ಅವರೇ ಅವಳನ್ನು ಸಾಂಗಲಿಯ ಕಾಲೇಜಿಗೆ ಸೇರಿಸಿದರು, ಹಾಸ್ಟೆಲ್ಲಿನಲ್ಲಿ ಹೊರಸು ಸಾಲದೆ ಕಾಲಿಗೊಂದು ಸ್ಟೂಲು ಇಡಿಸಿದರು. ಮೊದಲ ವರ್ಷ ಶೀತಲಳಿಗೆ ಆಟದ ಚಡ್ಡಿ ತೊಟ್ಟು ಹೊರಗೆ ಬರಲು ನಾಚಿಕೆ. ಎರಡನೇ ವರ್ಷ ಅವಳೇ ತಂಡದ ಕ್ಯಾಪ್ಟನ್. ಮೂರನೇ ವರ್ಷ ಬಲಗೈ ಬೆರಳು ಮುರಿದುಕೊಂಡು ಎಡಗೈಯಲ್ಲಿ ಇತಿಹಾಸದ ಪೇಪರು ಬರೆದು, ಮರುದಿನವೇ ರೈಲು ಹತ್ತಿ ವಿದ್ಯಾಪೀಠಗಳ ಪಂದ್ಯಕ್ಕೆ ಹೋದಳು. ಫೋಟೋ ಮರಾಠಿ ಪೇಪರಿನಲ್ಲಿ ಬಂತು. ಪುಣೆಯ ಕ್ಲಬ್ಬಿನವರು ಅವಳನ್ನು ಕಂಡದ್ದು ಆ ಪಂದ್ಯದಲ್ಲಿಯೇ.

ಮಲಕವ್ವ ಇದೆಲ್ಲವನ್ನೂ ಕೇಳಿ ತಿಳಿದವಳು, ಕಣ್ಣಿಂದ ಕಂಡವಳಲ್ಲ. ಒಮ್ಮೆ ತಾನಾಜಿ ಫೋನಿನಲ್ಲಿ ಆಟ ತೋರಿಸಿದ್ದ. ಅಂಗೈಯಷ್ಟು ಗಾಜಿನಲ್ಲಿ ಹತ್ತು ಹುಡುಗಿಯರು ಒಬ್ಬರನ್ನೊಬ್ಬರು ನೂಕಾಡುತ್ತಿದ್ದರು. ಯಾರೋ ಮಗಳ ಪಕ್ಕೆಗೆ ಮೊಣಕೈ ಕೊಟ್ಟರು. “ಬಂದ ಮಾಡೋ ಅದನ್ನ,” ಎಂದು ಎದ್ದು ಹೋದವಳು ಮತ್ತೆ ನೋಡಿರಲಿಲ್ಲ.

ಕಳೆದ ಶ್ರಾವಣದಲ್ಲಿ ಮೂರು ದಿನಕ್ಕೆಂದು ಶೀತಲ ಊರಿಗೆ ಬಂದಾಗ ಕನ್ಯೆ ನೋಡಲು ಡಫಳಾಪುರದಿಂದ ಒಬ್ಬ ಹುಡುಗನನ್ನು ಕರೆಸಿದ್ದರು. ಪ್ಯಾಟೆಯಲ್ಲಿ ಗೊಬ್ಬರದ ಅಂಗಡಿ, ಚಲೋ ಮನೆತನ. ಹುಡುಗ ಕಂಬಳಿಯ ಮೇಲೆ ಕೂತಿದ್ದ. ಒಳಗಿನಿಂದ ಚಹಾ ಹಿಡಿದು ಬಂದ ಹುಡುಗಿ ಬಾಗಿಲು ದಾಟಿ ನೆಟ್ಟಗಾದಳು. ಅವನ ಕಣ್ಣು ಮೇಲೆ ಹತ್ತಿತು, ಇನ್ನೂ ಹತ್ತಿತು, ಕೊನೆಗೆ ಜಂತಿಯ ಹತ್ತಿರ ಅವಳ ಮುಖ ಸಿಕ್ಕಿತು. ಆತ ಚಹಾ ಕುಡಿಯಲಿಲ್ಲ. ಬಸ್ಸು ತಪ್ಪುತ್ತದೆಂದು ಎದ್ದುಹೋದ. ಶೀತಲ ಹೊಟ್ಟೆ ಹಿಡಿದುಕೊಂಡು ನಕ್ಕಳು, ಉಳಿದ ಚಹಾ ತಾನೇ ಕುಡಿದಳು, ಮರುದಿನ ಪುಣೆಗೆ ಹೋದಳು. ಆ ನಗುವೇ ಮಲಕವ್ವನಿಗೆ ತಡೆಯಲಾಗಲಿಲ್ಲ. ಸೋಮವಾರ ಗುಡಿಗೆ ಹೋಗಿ ದೇವರ ಮುಂದೆ ಸೆರಗೊಡ್ಡಿ ನಿಂತಳು.

“ಯಪ್ಪಾ ಬೀರಪ್ಪಾ, ಓಡಿ ಹೋಗೂ ಆಡಿನ ಕಾಲ ಕಟ್ಟಿದಂಗ ಇಕೀ ಕಾಲ ಕಟ್ಟಪಾ. ತಂದ ಮನ್ಯಾಗ ಕುಂದ್ರಸು. ಸವ್ವಾ ಸೇರ ಭಂಡಾರ ಹಾರಸ್ತೀನಿ.”

ಬೇಲಿ ಹಾರಿ ಓಡುವ ಆಡಿನ ಮುಂಗಾಲುಗಳಿಗೆ ಕುರಿಯವರು ಮೋಟು ಹಗ್ಗ ಬಿಗಿದು ಬಿಡುತ್ತಾರೆ. ಮೇಯಬಹುದು, ದೂರ ಹೋಗಲಾಗದು. ಮಲಕವ್ವ ಕೇಳಿದ್ದು ಇಷ್ಟೇ: ಒಂದು ಮದುವೆ, ಒಂದು ಮನೆ, ಕರೆದರೆ ಕೇಳಿಸುವಷ್ಟು ದೂರದಲ್ಲಿ ಮಗಳು. ಎಂಟು ದಿನಕ್ಕೆ ಪುಣೆಯಿಂದ ಫೋನು ಬಂತು. ಆಟದಲ್ಲಿ ಜಿಗಿದು ಇಳಿಯುವಾಗ ಶೀತಲಳ ಬಲ ಮೊಣಕಾಲಿನೊಳಗಿನ ನಾರು ಹರಿದಿದೆ, ಆಪರೇಶನ್ ಆಗಬೇಕು. ಬೀರು, ಮಲಕವ್ವ ಎಸ್‌ಟಿ ಬಸ್ಸು ಹತ್ತಿ ಹೋದರು. ಆಸ್ಪತ್ರೆಯ ಮಂಚಕ್ಕೂ ಮಗಳು ಸಾಲದೆ ಹಿಮ್ಮಡಿ ಹೊರಗೆ ಬಂದಿತ್ತು. ತೊಡೆಯಿಂದ ಮೀನಖಂಡದವರೆಗೆ ಬಿಳಿ ಪಟ್ಟಿ ಸುತ್ತಿ, ಕಪ್ಪು ಬೆಲ್ಟು ಬಿಗಿದು, ಕಾಲು ಕಟ್ಟಿದ್ದರು.

ಕಟ್ಟಿದ ಆ ಕಾಲನ್ನು ನೋಡಿದ ಗಳಿಗೆಯಲ್ಲಿ ಮಲಕವ್ವನಿಗೆ ಗುಡಿಯಲ್ಲಿ ಬೇಡಿದ್ದು ನೆನಪಾಯಿತು. ತಾನು ಆಡಿದ ಮಾತನ್ನು ದೇವರು ಅಕ್ಷರ ಬಿಡದೆ ನಡೆಸಿಕೊಟ್ಟಿದ್ದ. ಮಗಳು ಮನೆಗೂ ಬಂದಳು. ಹತ್ತು ತಿಂಗಳು ಇದ್ದು, ಆಮೇಲೆ ಪುಣೆಗೆ ಮರಳಿದಳು. ಇದ್ದಷ್ಟು ದಿನ ಮಲಕವ್ವ ಎಣ್ಣೆ ಕಾಯಿಸಿ ಕಾಲು ನೀವಿದಳು, ಜೋಳದ ಚೀಲ ಪಾದಕ್ಕೆ ಕಟ್ಟಿ ಎತ್ತಿಸಿದಳು. ಡಾಕ್ಟರ ಹಾಳೆಯಲ್ಲಿದ್ದ ಚಿತ್ರದಂತೆ ಮಗಳು ಗೋಡೆಗೆ ಬೆನ್ನು ಹಚ್ಚಿ ಬೆವರು ಸುರಿಸುತ್ತ ಕೂತು ಏಳುವಾಗ ಎದುರಿಗೆ ಕೂತು ನೋಡಿದಳು. ನೋವಿಗೆ ಹುಡುಗಿ ತುಟಿ ಕಚ್ಚುವಳು. ಒಂದು ದಿನವೂ ಸಾಕು ಅನ್ನಲಿಲ್ಲ. ಯಾವುದನ್ನು ಹುಚ್ಚು ಎಂದು ತಾನು ಬೈಯುತ್ತಿದ್ದಳೋ ಅದು ಇಷ್ಟು ದೊಡ್ಡದಿತ್ತೇ ಎಂದು ಮಲಕವ್ವನಿಗೆ ಮೊದಲ ಸಲ ಅನ್ನಿಸಿದ್ದು ಆಗ. ಆದರೆ ತಾನು ಬೇಡಿಕೊಂಡದ್ದನ್ನು ಮಗಳಿಗೆ ಹೇಳಲು ಧೈರ್ಯ ಬರಲಿಲ್ಲ.

ಹರಕೆಯ ಭಂಡಾರವನ್ನೂ ಅವಳು ಹಾರಿಸಿರಲಿಲ್ಲ. ಹಾರಿಸಿದರೆ, ಮಾಡಿದ್ದು ಸರಿ ಎಂದು ದೇವರಿಗೆ ಒಪ್ಪಿಗೆ ಕೊಟ್ಟಂತೆ. ಹಾರಿಸದಿದ್ದರೆ ದೇವರಿಗೆ ಮಾತು ತಪ್ಪಿದಂತೆ. ಕೊನೆಗೆ ಪೂಜಾರಿಯ ಹತ್ತಿರ ಹೋಗಿ ಎಲ್ಲ ಹೇಳಿ ಅತ್ತಳು.

“ನೀ ಬೇಡಿದ್ದ ಏನ ತಂಗಿ?” ಎಂದ ಅಮೋಗಸಿದ್ದ.

“ಕಾಲ ಕಟ್ಟು ಅಂದಿದ್ನಿ ಅಣ್ಣಾ.”

“ಕಟ್ಟ್ಯಾನಲ್ಲ ಮತ್ತ.”

“ಹಂಗ ಕಟ್ಟು ಅಂದಿದ್ದಿಲ್ಲೋ ನಾನು!”

ಮುದುಕ ಗಡ್ಡ ಕೆರೆದುಕೊಂಡ. ಅವನಿಗೂ ಇಂಥದ್ದು ಹೊಸದು. “ಕಟ್ಟಿದಾಂವ ಬಿಚ್ಚತಾನ,” ಎಂದ ಕಡೆಗೆ. “ಕಾಲ ಬಿಚ್ಚಿದ್ದು ನಿನ್ನ ಕಣ್ಣಲೆ ಕಂಡ ದಿನಾ, ಕಂಡ ಜಾಗಾದಾಗ, ನಿಂತ ನಿಲುವಿನ್ಯಾಗ ಹಾರಸಿಬಿಡು. ಗುಡಿಗಿ ತನಕಾ ಬರಬ್ಯಾಡ. ಅಷ್ಟಕ್ಕ ಹರಕಿ ತೀರತೈತಿ.”

ಮಲಕವ್ವ ಗಂಟು ಹೊತ್ತು ಬಂದದ್ದು ಈ ಮಾತಿನ ಮೇಲೆ.

ಆಟ ಸುರುವಾಗಿತ್ತು. ದಾಕ್ಷಾಯಣಿ ಬಾಯಾರು ಬಂದು ಮಲಕವ್ವನ ಪಕ್ಕ ಕೂತರು. ಎದುರಿನ ಕುರ್ಚಿಯಲ್ಲಿ ನೋಟುಬುಕ್ಕು ಹಿಡಿದು ಕೂತಿದ್ದ ಕತ್ತರಿಸಿದ ಕೂದಲಿನ ಹೆಂಗಸನ್ನು ತೋರಿಸಿದರು. ಪುಣೆಯ ಕೋಚು. ತಂಡದಲ್ಲಿ ಒಂದೇ ಜಾಗ ಉಳಿದಿದೆ, ಅದಕ್ಕೆ ಇಬ್ಬರು ಹುಡುಗಿಯರಿದ್ದಾರೆ. ಶೀತಲಳ ಕಾಲು ಮೊದಲಿನಂತಾಗಿದೆ ಎಂದು ಇವತ್ತು ಅವಳ ಕಣ್ಣಿಗೆ ಬಿದ್ದರೆ ಜಾಗ ಶೀತಲಳದು. ಬೀಳದಿದ್ದರೆ ಅಲ್ಲಿಗೆ ಮುಗಿಯಿತು. ಕ್ಲಬ್ಬು ಇನ್ನೊಂದು ವರ್ಷ ಕಾಯುವುದಿಲ್ಲ.

“ಅಂದ್ರ ಇವತ್ತಿನ ಮ್ಯಾಲ ಐತೇನ್ರಿ ಎಲ್ಲಾ?” ಎಂದಳು ಮಲಕವ್ವ.

“ಇವತ್ತಿನ ಮ್ಯಾಲ ಐತಿ.”

ಮೊದಲ ಹತ್ತು ನಿಮಿಷ ಶೀತಲ ಬೆಂಚಿನ ಮೇಲೇ ಇದ್ದಳು, ಮೊಣಕಾಲಿಗೆ ಕಪ್ಪು ಚೀಲದಂಥದ್ದು ಏರಿಸಿಕೊಂಡು. ಎರಡನೇ ಪಾಳಿಗೆ ಕೋಚು ಕೈ ಮಾಡಿದಳು. ಶೀತಲ ಎದ್ದಳು. ಅವಳು ಗೆರೆ ದಾಟಿ ಒಳಗೆ ಬಂದಾಗ ಮಲಕವ್ವನಿಗೆ ಗುರುತೇ ಸಿಗಲಿಲ್ಲ. ಮನೆಯಲ್ಲಿ ಕಂಡವಳು ಸದಾ ಯಾವುದೋ ಬಾಗಿಲ ಕೆಳಗೆ, ಯಾವುದೋ ಜಂತಿಯ ಕೆಳಗೆ ಅರ್ಧ ಮಡಿಚಿದವಳು. ಇಲ್ಲಿ ಮೇಲೆ ಆಕಾಶವೊಂದೇ ಇತ್ತು. ಕತ್ತು ಎತ್ತಿ, ಹೆಗಲು ಹಿಂದಕ್ಕೆ ಚೆಲ್ಲಿ, ಕೈ ಅಗಲಿಸಿ ನಿಂತಿದ್ದಳು. ಹೆತ್ತು ಇಪ್ಪತ್ತನಾಲ್ಕು ವರ್ಷವಾದ ಮೇಲೆ ತನ್ನ ಮಗಳ ಪೂರ್ತಿ ಎತ್ತರವನ್ನು ಮಲಕವ್ವ ನೋಡಿದ್ದು ಅಂದೇ. ಇದು ನನ್ನ ಹೊಟ್ಟೆಯಲ್ಲಿತ್ತೇ ಎಂದುಕೊಂಡಳು.

“ಉಟಗೀ! ಏ ಉಟಗೀ!” ಎಂದು ನೆಲದ ಮೇಲಿಂದ ಒಬ್ಬ ಹುಡುಗಿ ಕೂಗಿದಳು.

ಬೀರು ಗಡಬಡಿಸಿ ಎದ್ದು ನಿಂತ. “ಬಂದ್ನಿ, ಏನ್ರಿ? ಉಟಗಿಯವರು ಎಲ್ಲಾರೂ ಇಲ್ಲೇ ಅದೇವಿ.”

ಬಾಯಾರು ನಕ್ಕು ಅವನ ಅಂಗಿ ಹಿಡಿದು ಕೂರಿಸಿದರು. “ನಿಮ್ಮನ್ನಲ್ರಿ. ಶೀತಲಗ ಅಲ್ಲಿ ಅದ ಹೆಸರು. ಕಾಲೇಜಿನಾಗ ಬಿದ್ದಿದ್ದು, ಪುಣೇದಾಗೂ ಉಳದೈತಿ.”

ಒಬ್ಬಳು ಕೇರಳದವಳಂತೆ, ಒಬ್ಬಳು ಪಂಜಾಬಿನವಳಂತೆ, ಇನ್ನೊಬ್ಬಳು ಎಲ್ಲಿಯವಳೋ. ಆ ಹುಡುಗಿಯರೆಲ್ಲ ಚೆಂಡು ಬೇಕಾದಾಗ, ದಿಕ್ಕು ತಪ್ಪಿದಾಗ, ಅಪಾಯ ಕಂಡಾಗ ಉಟಗೀ, ಉಟಗೀ ಎಂದು ಕರೆಯುತ್ತಿದ್ದರು. ಜತ್ತಿನಲ್ಲಿ ಬಸ್ಸಿನ ಕಂಡಕ್ಟರು ಕೂಡ ಸರಿಯಾಗಿ ಕೂಗದ ಹೆಸರು. ಮೆಟ್ಟಿಲ ಮೇಲಿದ್ದ ಮೂರು ಜೀಪಿನ ಜನ ಮೊದಲು ಬಾಯಿ ಮುಚ್ಚಿ ಕೇಳಿದರು, ಆಮೇಲೆ ತಾವೂ ಕೂಗತೊಡಗಿದರು.

“ಅಕಿ ಕೆಲಸಾ ಏನ್ರಿ ಅಲ್ಲಿ?” ಎಂದು ಮಲಕವ್ವ ಕೇಳಿದಳು.

“ಎಲ್ಲಾರೂ ಬುಟ್ಟಿಗಿ ಒಗೀತಾರ. ಹತ್ತರಾಗ ಆರು ತಪ್ಪತಾವ. ತಪ್ಪಿದ್ದನ್ನ ಮ್ಯಾಲಿಂದ ಮ್ಯಾಲ ಹಿಡಿಯೂದು ನಿಮ್ಮ ಮಗಳ ಕೆಲಸಾ.”

ಅಷ್ಟರಲ್ಲಿ ಸಾಂಗಲಿಯವಳೊಬ್ಬಳು ದೂರದಿಂದ ಚೆಂಡು ಒಗೆದಳು. ಚೆಂಡು ಬಳೆಗೆ ಬಡಿದು ಮೇಲಕ್ಕೆ ಚಿಮ್ಮಿತು. ನಾಲ್ಕೈದು ಜನ ಒಟ್ಟಿಗೆ ಎದ್ದರು, ನಾಲ್ಕೈದು ಜೊತೆ ಕೈ ಮೇಲೆ ಹೋದವು. ಆ ಕೈಗಳ ಗುಂಪಿನಿಂದ ಒಂದು ಕೈ ಮಾತ್ರ ಹೊರಗೆ ಬಂತು, ಇನ್ನೂ ಬಂತು. ಉಳಿದವರೆಲ್ಲ ಇಳಿಯತೊಡಗಿದ್ದರೂ ಶೀತಲ ಏರುತ್ತಲೇ ಇದ್ದಳು. ಚೆಂಡಿನ ಹತ್ತಿರ ಹೋಗಿ ಅವಸರವಿಲ್ಲದೆ, ಅಟ್ಟದ ಮೇಲಿನ ಗಡಿಗೆ ಇಳಿಸುವವಳಂತೆ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಇಡೀ ಮೈದಾನ “ಹ್ಞಾ” ಎಂದಿತು.

ಮಲಕವ್ವನಿಗೆ ಬೇರೇನೂ ಕಾಣಲಿಲ್ಲ. ಕಾಲು ಬಿಚ್ಚಿತು! ಅವಳು ಎದ್ದಳು, ಗಂಟಿನ ಬಾಯಿ ಬಿಚ್ಚಿದಳು, ನಿಂತ ನಿಲುವಿನಲ್ಲೇ ಎರಡೂ ಕೈಯಿಂದ ಭಂಡಾರವನ್ನು ಮೇಲಕ್ಕೆ ತೂರಿದಳು. “ಬೀರಪ್ಪನ ನಾವದಲೇ ಚಾಂಗಭಲೋ!” ಎಂದಳು. ಹುಟ್ಟಿದಾಗಿನಿಂದ ರೂಢಿಯಾದ ಜಯಕಾರ, ಹಿಂದಿದ್ದ ಮೂರು ಜೀಪಿನ ಜನ ಯೋಚನೆ ಮಾಡದೆ ಒಂದೇ ಕೊರಳಲ್ಲಿ “ಚಾಂಗಭಲೋ!” ಎಂದರು. ಇಳಿಬಿಸಿಲಿನಲ್ಲಿ ಹಳದಿ ಪುಡಿ ಮೋಡವಾಗಿ ಎದ್ದು, ಗಾಳಿಗೆ ತೇಲಿ, ನೀಲಿ ನೆಲದ ಮೇಲೆ ನಿಧಾನವಾಗಿ ಇಳಿಯಿತು.

“ಬುತ್ತಿ ಅಲ್ಲೇನ ಅದು?” ಎಂದ ಬೀರು.

ಸೀಟಿ ಕೂಗಿತು. ಓಡಿ ಬಂದ ಸಾಂಗಲಿಯ ಹುಡುಗಿಯೊಬ್ಬಳ ಬೂಟು ಪುಡಿಯ ಮೇಲೆ ಜಾರಿ, ಆಕೆ ಕುಂಡೆಯೂರಿ ಧೊಪ್ಪನೆ ಕೂತಳು. ಪೆಟ್ಟೇನೂ ಆಗಲಿಲ್ಲ, ಆದರೆ ಆಟ ನಿಂತುಹೋಯಿತು. ಅಂಪೈರು ಬಗ್ಗಿ ನೆಲಕ್ಕೆ ಬೆರಳು ಸವರಿ ನೋಡಿ ತಲೆ ಆಡಿಸಿದ. ಮೈಕಿನಲ್ಲಿ ಮರಾಠಿಯಲ್ಲಿ ವಿನಂತಿ ಬಂತು. ವಿನಂತಿ ಎನ್ನುವುದು ಮರ್ಯಾದೆಗೆ, ದನಿಯಲ್ಲಿ ಇದ್ದದ್ದು ಬೈಗುಳ. ಯಾರು ಎಸೆದರು ಎಂದು ಕೇಳಲೇಬೇಕಾಗಿರಲಿಲ್ಲ. ಮಲಕವ್ವ ಮೊಣಕೈವರೆಗೆ ಹಳದಿಯಾಗಿ ನಿಂತಿದ್ದಳು.

“ಏನ ಮಾಡಿದ್ರಿ ಇದು?” ದಾಕ್ಷಾಯಣಿ ಬಾಯಾರು ತಲೆಗೆ ಕೈ ಹಚ್ಚಿದರು.

“ಕಾಲ ಬಿಚ್ಚಿತಲ್ರಿ ಬಾಯಾರ. ಜಿಗಿದಳಲ್ಲ.”

“ಜಿಗಿದಿದ್ದು ನೋಡಿದ್ರಿ. ಇಳಿದಿದ್ದು ನೋಡಿದ್ರೇನು?” ಅವರು ದನಿ ತಗ್ಗಿಸಿದರು. “ಎಡಗಾಲ ಒಂದರ ಮ್ಯಾಲ ಇಳದಾಳ. ಬಲಗಾಲಿಗಿ ಇನ್ನೂ ಅಂಜಾಕತ್ತಾಳ. ಜಿಗಿಯೂದು ಯಾರೂ ನೋಡೂದಿಲ್ರಿ ಇವ್ರು, ಇಳಿಯೂದು ನೋಡತಾರ. ಆ ಕೋಚ್ ಬರಕೊಂಡಳು, ನಾ ನೋಡಿದ್ನಿ.”

ಮಲಕವ್ವನಿಗೆ ಈಗ ತಿಳಿಯಿತು. ಕಾಲು ಬಿಚ್ಚಿರಲಿಲ್ಲ. ಬಿಚ್ಚುವ ಮೊದಲೇ ತಾನು ಹರಕೆ ತೀರಿಸಿ ಕೂತಿದ್ದಳು. ಸಾಲದೆಂಬಂತೆ, ಅದೇ ಕಾಲು ಇಳಿಯಬೇಕಾದ ನೆಲವನ್ನು ಜಾರುವ ಹಾಗೆ ಮಾಡಿಟ್ಟಿದ್ದಳು. ಕಟ್ಟು ಎಂದು ಬೇಡಿದ್ದೂ ನಾನೇ, ಕೆಡವಲು ಬಂದವಳೂ ನಾನೇ ಎಂದು ಅವಳಿಗೆ ಅನ್ನಿಸಿತು.

ಯಾರೋ ಕಸಬರಿಗೆ ತಂದು ಗುಡಿಸಿದರು. ಪುಡಿ ಎದ್ದು ಇನ್ನಷ್ಟು ಅಗಲಕ್ಕೆ ಹರಡಿತು. ಬಕೀಟು ನೀರು ತರಲು ಹೊರಟ ಇನ್ನೊಬ್ಬನನ್ನು ಕೋಚು ಅಲ್ಲಿಂದಲೇ ಗದರಿ ನಿಲ್ಲಿಸಿದಳು. ನೀರು ಬಿದ್ದರೆ ಕೆಸರು. ಒಣ ಅರಿವೆ ಬೇಕಿತ್ತು. ಮಲಕವ್ವ ಯಾರನ್ನೂ ಕೇಳಲಿಲ್ಲ. ಚಪ್ಪಲಿ ಬಿಟ್ಟು ಗೆರೆ ದಾಟಿ ಒಳಗೆ ಹೋಗಿ, ಬುಟ್ಟಿಯ ಕೆಳಗೆ ಕುಕ್ಕರಗಾಲಲ್ಲಿ ಕೂತು, ಸೆರಗಿನಿಂದ ನೆಲ ಒರೆಸತೊಡಗಿದಳು. ಅವಳನ್ನು ನೋಡಿ ನೆರೆಮನೆಯ ರುಕ್ಮವ್ವ ಇಳಿದಳು, ಅವಳ ಹಿಂದೆ ಉಟಗಿಯ ಹೆಂಗಸರೆಲ್ಲ ಇಳಿದರು. ಬೀರು ಸ್ವಲ್ಪ ಹೊತ್ತು ಆ ಕಡೆ ಈ ಕಡೆ ನೋಡಿದ. ಆಮೇಲೆ ತಲೆಯ ರುಮಾಲಿಗೆ ಕೈ ಹಾಕಿದ. ಯಾರ ಮುಂದೆಯೂ ಬಿಚ್ಚದ ಹನ್ನೆರಡು ಮೊಳದ ರುಮಾಲನ್ನು ಪೂರ್ತಿ ಬಿಚ್ಚಿ, ಒಂದು ತುದಿ ತಾನಾಜಿಗೆ ಕೊಟ್ಟು, ಇನ್ನೊಂದು ತುದಿ ತಾನು ಹಿಡಿದು, ನೆಲದ ಉದ್ದಕ್ಕೂ ಎಳೆಯುತ್ತ ಹೋದ. ಮೈಕು ಸುಮ್ಮನಾಯಿತು. ಪುಣೆಯ ಹುಡುಗಿಯರು ತಮ್ಮ ಟಾವೆಲ್ಲು ತಂದು ಸೇರಿಕೊಂಡರು.

ಮಲಕವ್ವನ ಎದುರಿಗೆ ಎರಡು ದೊಡ್ಡ ಬೂಟು ಬಂದು ನಿಂತವು. ಶೀತಲ ಬಲಗಾಲನ್ನು ಮುಂದೆ ಚಾಚಿ ಜೋಪಾನವಾಗಿ ಕೆಳಗೆ ಕೂತಳು. ಮುಖ ಬಿಗಿದಿತ್ತು.

“ಯವ್ವಾ, ಏನ ಇದು?”

“ಹರಕಿ.”

“ಎಂಥಾ ಹರಕಿ?”

ಇಷ್ಟು ದಿನ ಹೇಳಲಾಗದ್ದು ಸುಲಭವಾಗಿ ಹೊರಗೆ ಬಂದುಬಿಟ್ಟಿತು. “ನಿನ್ನ ಕಾಲ ಕಟ್ಟಪಾ ಅಂತ ನಾನ ಬೇಡಕೊಂಡಿದ್ನಿ. ಹ್ವಾದ ಶ್ರಾವಣದಾಗ. ನೀ ಆಟಾ ಬಿಟ್ಟ ಮನಿಗಿ ಬರಬೇಕಂತ. ಎಂಟ ದಿನದಾಗ ನೀ ಬಿದ್ದಿ.”

ಶೀತಲ ಕೈಯಲ್ಲಿದ್ದ ಟಾವೆಲ್ಲನ್ನು ಹಿಂಡುತ್ತ ಕೂತಳು. ಹಿಂಡಲು ಅದರಲ್ಲಿ ನೀರೇ ಇರಲಿಲ್ಲ.

“ಹತ್ತ ತಿಂಗಳಾ, ಯವ್ವಾ. ಹತ್ತ ತಿಂಗಳಾ ನನ್ನ ಕಾಲ ನೀವಿದಿ. ಒಂದ ದಿನಾನೂ ಹೇಳಲಿಲ್ಲ.”

“ಅಂಜಿಕಿ ಆತು.”

“ನನಗ ಆಗಿದ್ದಿಲ್ಲೇನು?” ಹುಡುಗಿಯ ದನಿ ಒಡೆಯಿತು. “ಒಬ್ಬಾಕೀನ ಅಂಜಿನಿ. ಈಗೂ ಅಂಜಾಕತ್ತೇನಿ. ಮ್ಯಾಲ ಹೋಗೂತನಾ ಏನೂ ಇಲ್ಲ, ಇಳಿಯೂ ಹೊತ್ತಿಗಿ ಕಾಲ ತಾನ ಹಿಂದ ಸರೀತೈತಿ.”

ಸುತ್ತ ಅರಿವೆಗಳು ನೆಲಕ್ಕೆ ಉಜ್ಜುವ ಸಪ್ಪಳ ನಡೆದಿತ್ತು. ಆಗ ಮಲಕವ್ವನ ಕಣ್ಣು ಮಗಳ ಬೂಟಿನ ತಳದ ಮೇಲೆ ಬಿತ್ತು. ಗೀರುಗಳಲ್ಲೆಲ್ಲ ಹಳದಿ ತುಂಬಿತ್ತು. ಕುರಿಯ ಗೊರಸಿನ ಮುಳ್ಳು ತೆಗೆಯುವಾಗ ಹಿಡಿಯುವಂತೆ ಅವಳು ಮಗಳ ಬಲಗಾಲನ್ನು ಎತ್ತಿ ತನ್ನ ತೊಡೆಯ ಮೇಲೆ ಇಟ್ಟುಕೊಂಡಳು.

“ಯವ್ವಾ, ಬ್ಯಾಡ. ಕಾಲ ಮುಟ್ಟಬ್ಯಾಡ. ಎಲ್ಲಾರೂ ನೋಡಾಕತ್ತಾರ.”

“ನೋಡ್ಲಿ.”

ಸೆರಗಿನ ತುದಿಯನ್ನು ಉಗುರಿಗೆ ಸುತ್ತಿ ಒಂದೊಂದೇ ಗೀರು ಬಿಡಿಸಿ ಒರೆ‍ಸಿದಳು. ಬಲಗಾಲಾಯಿತು, ಎಡಗಾಲು ತೆಗೆದುಕೊಂಡಳು. ಹೊಟ್ಟೆಯಲ್ಲಿದ್ದಾಗ ಒದ್ದ ಕಾಲು, ಇವತ್ತು ಎರಡೂ ಕೈ ಸೇರಿಸಿ ಹಿಡಿದರೂ ಹಿಡಿತಕ್ಕೆ ಬಾರದಷ್ಟು ದೊಡ್ಡದು. ಅದನ್ನು ಹಿಡಿದಿರಲು ಅವಳಿಗೆ ಭಯವೂ ಆಯಿತು, ಬಿಡಲು ಮನಸ್ಸೂ ಬರಲಿಲ್ಲ.

“ಈಗೇನ ಬೇಡಕೊಂಡಿ ಮತ್ತ?” ಎಂದಳು ಶೀತಲ. ಸಿಟ್ಟು ಪೂರ್ತಿ ಇಳಿದಿರಲಿಲ್ಲ.

“ಏನೂ ಇಲ್ಲ. ಬೇಡಾಕ ಬಾಯೇ ಬರವಲ್ದು.”

“ಚಲೋ ಆತು. ಏನೂ ಬೇಡಬ್ಯಾಡ.” ಶೀತಲ ನೆಲಕ್ಕೆ ಕೈಯೂರಿ ಎದ್ದಳು. ತಾಯಿಯ ರೆಟ್ಟೆ ಹಿಡಿದು ಅವಳನ್ನೂ ಎಬ್ಬಿಸಿದಳು. “ಸುಮ್ಮ ಕುಂತ ನೋಡು.”

ಅಂಪೈರು ಬೂಟಿನಿಂದ ನೆಲ ಉಜ್ಜಿ ನೋಡಿ ಒಪ್ಪಿಕೊಂಡ. ಜನ ಮೆಟ್ಟಿಲಿಗೆ ಮರಳಿದರು. ಬೀರು ಬರಿದಲೆಯಲ್ಲಿ, ಹಳದಿಯಾದ ರುಮಾಲನ್ನು ಮಡಿಲಲ್ಲಿ ಇಟ್ಟುಕೊಂಡು ಕೂತ. ಕೋಚು ಎದ್ದು ಬಂದು ಶೀತಲಳ ಕಿವಿಯಲ್ಲಿ ಏನೋ ಕೇಳಿದಳು. ಶೀತಲ ಇಲ್ಲ ಎಂದು ತಲೆ ಆಡಿಸಿ ತನ್ನ ಜಾಗಕ್ಕೆ ನಡೆದಳು. “ಹೊರಗ ಕುಂದ್ರತಿ ಏನು ಅಂತ ಕೇಳ್ಯಾಳ,” ಎಂದರು ಬಾಯಾರು.

ಚೆಂಡು ಆ ತುದಿಯಿಂದ ಈ ತುದಿಗೆ ನಾಲ್ಕಾರು ಸಲ ಓಡಾಡಿತು. ಶೀತಲ ಓಡಿದಳು, ನಿಂತಳು, ತಿರುಗಿದಳು. ಜಿಗಿಯುವ ಪ್ರಸಂಗ ಬರಲಿಲ್ಲ. ಕೋಚು ನೋಟುಬುಕ್ಕಿನಲ್ಲಿ ಬೆರಳಿಟ್ಟುಕೊಂಡು ಕಾಯುತ್ತಿದ್ದಳು. ಆಮೇಲೆ ಸಾಂಗಲಿಯವಳೊಬ್ಬಳು ಒಗೆದ ಚೆಂಡು ಹಲಗೆಗೆ ಬಡಿದು, ಬಳೆಯ ಅಂಚಿಗೆ ಬಡಿದು, ಬುಟ್ಟಿಗೆ ಬೀಳದೆ ಮೇಲೆ ಹಾರಿತು. “ಉಟಗೀ!” ಎಂದು ಯಾರೋ ಚೀರಿದರು.

ಮೈದಾನದ ಅಷ್ಟೂ ತಲೆಗಳು ಮೇಲಕ್ಕೆ ಎದ್ದವು. ಮಲಕವ್ವ ಮಾತ್ರ ನೆಲ ನೋಡುತ್ತ ಕೂತಳು. ಅವಳ ಕಣ್ಣ ಮುಂದೆ ಎರಡು ಬೂಟು ಒಂದಿಷ್ಟು ಮಡಿಚಿದವು, ಮಡಿಚಿ ನೆಲ ಬಿಟ್ಟವು. ಅಲ್ಲಿ ಬರೀ ನೀಲಿ ಬಣ್ಣ ಉಳಿಯಿತು. ಖಾಲಿ ನೆಲ. ಅದು ಖಾಲಿಯೇ ಇತ್ತು, ಇನ್ನೂ ಖಾಲಿಯೇ ಇತ್ತು. ಮನುಷ್ಯರು ಅಷ್ಟು ಹೊತ್ತು ನೆಲ ಬಿಟ್ಟು ಇರಬಹುದೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಆಮೇಲೆ ಎರಡೂ ಕಾಲು ಕೂಡಿಯೇ ಬಂದವು. ಎಡಗಾಲಿಗೆ ಒಂದು ಕೂದಲೆಳೆ ಮೊದಲು ಬಲಗಾಲು. ಮೊಣಕಾಲು ಬಾಗಿತು, ಭಾರವನ್ನು ತಡೆಯಿತು, ನೆಟ್ಟಗಾಯಿತು. ಬೂಟುಗಳು ಹೊರಳಿ ಆ ಕಡೆಯ ಬುಟ್ಟಿಯತ್ತ ಓಡಿದವು.

ಸುತ್ತ ಜನ ಎದ್ದು ನಿಂತು ಕೂಗುತ್ತಿದ್ದರು. ಬೀರು ರುಮಾಲನ್ನು ಗಾಳಿಯಲ್ಲಿ ತಿರುವುತ್ತಿದ್ದ. ಮಲಕವ್ವ ಅವನ ಅಂಗಿಯ ಚುಂಗು ಹಿಡಿದು ಜಗ್ಗಿದಳು.

“ಏನ್ರಿ, ಚೆಂಡ ಬುಟ್ಟ್ಯಾಗ ಬಿತ್ತೇನು?”